ಪೆಟ್ರೋಲು ಮತ್ತು ಕಾಣದ ಆವಿ

ಕೃಷ್ಣಾ ನದಿಯ ದಂಡೆಯ ಮೇಲಿರುವ ಆಲಮಟ್ಟಿಯು ವಿಜಯಪುರ ಜಿಲ್ಲೆಯ ಒಂದು ಊರು. 1964ನೆಯ ಇಸವಿಯ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇಲ್ಲಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಅದರ ಹಿಂದೆ ನಿಂತಿರುವ ಜಲರಾಶಿಗೆ ಇಂದು ಅವರ ಹೆಸರೇ ಇದೆ. ಅಣೆಕಟ್ಟಿನ 26 ಬಾಗಿಲುಗಳು ಸಮುದ್ರಮಟ್ಟದಿಂದ 519.60 ಮೀಟರು ಎತ್ತರದವರೆಗೆ ನೀರನ್ನು ತಡೆದು ನಿಲ್ಲಿಸುತ್ತವೆ. ಮಳೆಗಾಲದಲ್ಲಿ ಬಾಗಿಲುಗಳನ್ನು ತೆರೆಯುವಾಗ ನದಿಯ ಕೆಳಭಾಗದ ಹಳ್ಳಿಗಳಿಗೆ ಮುನ್ನೆಚ್ಚರಿಕೆ ಹೋಗುತ್ತದೆ. ನೀರು ಯಾವ ಕಡೆಗೆ ಹರಿಯುವುದು, ಯಾವ ತಗ್ಗನ್ನು ಮೊದಲು ತುಂಬುವುದು ಎಂಬುದನ್ನು ಈ ಸೀಮೆಯ ಮಕ್ಕಳೂ ಬಲ್ಲರು. ನೀರಿನ ಸ್ವಭಾವ ತಿಳಿದಿರುವುದರಿಂದಲೇ ಅದರ ನೆರೆಯಲ್ಲಿ ನಿರ್ಭಯವಾಗಿ ಬದುಕುವುದು ಜನರಿಗೆ ಸಾಧ್ಯವಾಗಿದೆ.

ಇದೇ ಊರುಗಳಲ್ಲಿ ಇನ್ನೊಂದು ದ್ರವವೂ ದಿನನಿತ್ಯದ ಬಳಕೆಗೆ ಬಂದಿದೆ. ಅದು ಪೆಟ್ರೋಲು. ನಿಡಗುಂದಿಯ ಮೂಲಕ ಹಾದುಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೂ ವಾಹನಗಳು ಓಡುತ್ತವೆ. ಮನೆಮನೆಯ ಅಂಗಳದಲ್ಲಿ ಮೋಟಾರ್ ಸೈಕಲ್ಲು ನಿಂತಿರುತ್ತದೆ. ಹೊಲಗಳಲ್ಲಿ ಔಷಧಿ ಸಿಂಪಡಿಸುವ ಯಂತ್ರಗಳಿಗೂ, ನೀರೆತ್ತುವ ಕೆಲವು ಸಣ್ಣ ಎಂಜಿನ್ನುಗಳಿಗೂ ಪೆಟ್ರೋಲು ಬೇಕು. ಬಂಕು ದೂರವೆಂಬ ಕಾರಣದಿಂದ ಕೆಲವರು ಅದನ್ನು ನೀರಿನ ಬಾಟಲಿಗಳಲ್ಲಿ ತಂದು ಮನೆಯ ಮೂಲೆಯಲ್ಲಿ ಇಡುತ್ತಾರೆ. ಹೀಗೆ ಪೆಟ್ರೋಲು ನೀರಿನಷ್ಟೇ ಪರಿಚಿತವಾಗಿದೆ. ಆದರೆ ಅದರ ಸ್ವಭಾವವು ನೀರಿನ ಸ್ವಭಾವದಷ್ಟು ಪರಿಚಿತವಾಗಿಲ್ಲ. ಪೆಟ್ರೋಲಿನಿಂದ ಸಂಭವಿಸುವ ಬೆಂಕಿಯ ಅನಾಹುತಗಳಲ್ಲಿ ಬಹುಪಾಲು ಈ ಅಜ್ಞಾನದಿಂದಲೇ ಉಂಟಾಗುತ್ತವೆ.

ಪೆಟ್ರೋಲಿನ ವಿಷಯದಲ್ಲಿ ಮೊಟ್ಟಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಕಣ್ಣಿಗೆ ಕಾಣುವ ಪೆಟ್ರೋಲು ಉರಿಯುವುದಿಲ್ಲ. ಉರಿಯುವುದು ಅದರಿಂದ ಏಳುವ, ಕಣ್ಣಿಗೆ ಕಾಣದ ಆವಿ. ಈ ಮಾತು ಮೊದಲಿಗೆ ವಿಚಿತ್ರವೆನಿಸಬಹುದು. ಆದರೆ ಉರಿಯುವ ದ್ರವಗಳ ಸಾಮಾನ್ಯ ನಿಯಮವೇ ಇದು. ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆಯು 1860–61ರಲ್ಲಿ ಮಕ್ಕಳಿಗಾಗಿ ಮೇಣದ ಬತ್ತಿಯನ್ನು ಕುರಿತು ಉಪನ್ಯಾಸಗಳನ್ನು ನೀಡಿದನು. ಉರಿಯುವ ಬತ್ತಿಯನ್ನು ಮೆಲ್ಲಗೆ ಆರಿಸಿ, ಅದರಿಂದ ಏಳುವ ಹೊಗೆಯಂತಹ ಆವಿಗೆ ಬತ್ತಿಯಿಂದ ಎರಡು ಮೂರು ಅಂಗುಲ ದೂರದಲ್ಲಿಯೇ ಕಡ್ಡಿಯ ಉರಿಯನ್ನು ಹಿಡಿದು ತೋರಿಸಿದನು. ಉರಿಯು ಆವಿಯ ಜಾಡು ಹಿಡಿದು ಕೆಳಗಿಳಿದು ಬತ್ತಿಯನ್ನು ಮತ್ತೆ ಹೊತ್ತಿಸಿತು. ಮೇಣವು ಕರಗಿ, ಆವಿಯಾಗಿ, ಆ ಆವಿಯು ಗಾಳಿಯೊಡನೆ ಬೆರೆತು ಉರಿಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಪೆಟ್ರೋಲಿನಲ್ಲಿ ನಡೆಯುವುದೂ ಇದೇ. ವ್ಯತ್ಯಾಸವೆಂದರೆ, ಮೇಣವು ಆವಿಯಾಗಲು ಅದಕ್ಕೆ ಬೆಂಕಿಯ ಬಿಸಿ ಬೇಕು. ಪೆಟ್ರೋಲಿಗೆ ಯಾವ ಬಿಸಿಯೂ ಬೇಡ.

ಒಂದು ದ್ರವವು ಎಷ್ಟು ಉಷ್ಣತೆಯಲ್ಲಿ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಹೊರಸೂಸುವುದೋ ಆ ಉಷ್ಣತೆಯನ್ನು ಅದರ ಜ್ವಲನಬಿಂದು ಎನ್ನುತ್ತಾರೆ. ಈ ಭಾಗದ ಜನರು ಚಿಮಣಿ ಎಣ್ಣೆಯೆಂದು ಕರೆಯುವ ಸೀಮೆಎಣ್ಣೆಯ ಜ್ವಲನಬಿಂದುವು 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿರುತ್ತದೆ. ಪೆಟ್ರೋಲಿನ ಜ್ವಲನಬಿಂದುವಾದರೋ ಸೊನ್ನೆಗಿಂತ ಸುಮಾರು 40 ಡಿಗ್ರಿಗಳಷ್ಟು ಕೆಳಗಿದೆ. ಎಂದರೆ, ಹಿಮಾಲಯದ ಮಂಜಿನ ನಡುವೆಯೂ ಪೆಟ್ರೋಲು ಹೊತ್ತಿಕೊಳ್ಳಬಲ್ಲದು. ಇನ್ನು ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ವಿಜಯಪುರ ಜಿಲ್ಲೆಯ ಬಿಸಿಲಿನಲ್ಲಿ ಅದು ಎಷ್ಟು ವೇಗವಾಗಿ ಆವಿಯಾಗುವುದೆಂಬುದನ್ನು ಊಹಿಸಬಹುದು. ಸೀಮೆಎಣ್ಣೆಯನ್ನು ಬಳಸಿ ರೂಢಿಯಾದ ಕೈ ಅದೇ ಧೈರ್ಯದಿಂದ ಪೆಟ್ರೋಲನ್ನು ಮುಟ್ಟಬಾರದು. ಎರಡೂ ನೋಡಲು ಎಣ್ಣೆಗಳೇ ಆದರೂ ಅವುಗಳ ಗುಣ ಬೇರೆ.

ಸೀಮೆಎಣ್ಣೆ ಮತ್ತು ಡೀಸೆಲ್ಲು ಸಂಪೂರ್ಣ ನಿರಪಾಯಕಾರಿಗಳೆಂದು ಇದರ ಅರ್ಥವಲ್ಲ. 2013ನೆಯ ಇಸವಿಯ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸೊಂದು ಪಾಲೆಂ ಎಂಬಲ್ಲಿ ಮೋರಿಯ ಗೋಡೆಗೆ ಬಡಿಯಿತು. ಡೀಸೆಲ್ಲಿನ ಟ್ಯಾಂಕು ಒಡೆದು ಬೆಂಕಿ ಹೊತ್ತಿ 45 ಮಂದಿ ಪ್ರಾಣ ಕಳೆದುಕೊಂಡರು. ರಭಸದಿಂದ ತುಂತುರಾಗಿ ಸಿಡಿದಾಗ, ಕಾದ ಲೋಹದ ಮೇಲೆ ಬಿದ್ದಾಗ ಡೀಸೆಲ್ಲೂ ಭಯಂಕರವಾಗಿ ಉರಿಯುತ್ತದೆ. ಪೆಟ್ರೋಲಿಗಾದರೋ ಈ ರಭಸವಾಗಲಿ ಬಿಸಿಯಾಗಲಿ ಬೇಕಿಲ್ಲ. ತೆರೆದ ಪಾತ್ರೆಯಲ್ಲಿ ಸುಮ್ಮನೆ ಇಟ್ಟರೆ ಸಾಕು, ಅದು ಅಪಾಯಕ್ಕೆ ಸಿದ್ಧವಾಗಿರುತ್ತದೆ.

ಪೆಟ್ರೋಲಿನ ಆವಿಗೆ ಇನ್ನೊಂದು ಗುಣವುಂಟು. ಅದು ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಹೊಗೆಯಂತೆ ಅದು ಮೇಲೇರಿ ಚದುರಿಹೋಗುವುದಿಲ್ಲ; ನೆಲವನ್ನು ಅಪ್ಪಿಕೊಂಡು ನೀರಿನಂತೆಯೇ ತಗ್ಗಿನ ಕಡೆಗೆ ಹರಿಯುತ್ತದೆ. ಹೊಸ್ತಿಲ ಸಂದಿನಿಂದ ಒಳಗೆ ನುಸುಳುತ್ತದೆ. ಚರಂಡಿ, ನೆಲಮಾಳಿಗೆ, ಹಗೇವು, ಬಾವಿ ಮೊದಲಾದ ತಗ್ಗುಗಳಲ್ಲಿ ಶೇಖರವಾಗುತ್ತದೆ. ಆದುದರಿಂದ ಪೆಟ್ರೋಲು ಚೆಲ್ಲಿದ ಸ್ಥಳಕ್ಕೂ ಬೆಂಕಿ ಹೊತ್ತುವ ಸ್ಥಳಕ್ಕೂ ಬಹಳ ಅಂತರವಿರಬಹುದು. ಅಂಗಳದಲ್ಲಿ ಚೆಲ್ಲಿದ ಪೆಟ್ರೋಲಿನ ಆವಿಯು ನೆಲದ ಮೇಲೆ ಹರಿದು ಅಡುಗೆಮನೆಯ ಒಲೆಯನ್ನು ಮುಟ್ಟಬಹುದು. ಅಲ್ಲಿ ಹೊತ್ತಿಕೊಂಡ ಉರಿಯು ಬಂದ ದಾರಿಯಲ್ಲಿಯೇ ಹಿಂದಿರುಗಿ ಅಂಗಳದ ಪಾತ್ರೆಯನ್ನು ಸೇರಬಹುದು. ಇದೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ.

ಆವಿಯ ಈ ಸಂಚಾರವು ಎಂತಹ ಅನಾಹುತವನ್ನು ಉಂಟುಮಾಡಬಲ್ಲದು ಎಂಬುದಕ್ಕೆ ರಾಜಸ್ಥಾನದ ಜೈಪುರದಲ್ಲಿ ನಡೆದ ದುರಂತವು ಸಾಕ್ಷಿಯಾಗಿದೆ. 2009ನೆಯ ಇಸವಿಯ ಅಕ್ಟೋಬರ್ 29ರ ಸಂಜೆ ಅಲ್ಲಿಯ ಸೀತಾಪುರದ ತೈಲ ಸಂಗ್ರಹಾಗಾರದಲ್ಲಿ ಪೆಟ್ರೋಲನ್ನು ಕೊಳವೆಯ ಮೂಲಕ ಸಾಗಿಸುವ ಸಿದ್ಧತೆ ನಡೆದಿದ್ದಾಗ ಕವಾಟವೊಂದರಿಂದ ಪೆಟ್ರೋಲು ಹೊರಚಿಮ್ಮತೊಡಗಿತು. ಸೋರಿಕೆಯನ್ನು ನಿಲ್ಲಿಸುವುದು ಸಾಧ್ಯವಾಗಲಿಲ್ಲ. ಒಂದು ಗಂಟೆಗೂ ಹೆಚ್ಚು ಕಾಲ ಅದರ ಆವಿಯು ಆವರಣವನ್ನೆಲ್ಲ ವ್ಯಾಪಿಸಿತು. ಬಳಿಕ ಎಲ್ಲಿಯೋ ಒಂದು ಕಿಡಿ ತಗುಲಿದುದೇ ತಡ, ಭಾರಿ ಆಸ್ಫೋಟವಾಯಿತು. ಬೆಂಕಿಯು ಒಂದಾದ ಮೇಲೊಂದರಂತೆ ದೊಡ್ಡ ದೊಡ್ಡ ಟ್ಯಾಂಕುಗಳಿಗೆ ಹಬ್ಬಿತು. ಹತ್ತಕ್ಕೂ ಹೆಚ್ಚು ಜನ ಮೃತರಾದರು. ಆ ಬೆಂಕಿಯನ್ನು ನಂದಿಸಲು ಮನುಷ್ಯನಿಂದ ಆಗಲಿಲ್ಲ. ಎಣ್ಣೆಯೆಲ್ಲ ಉರಿದು ಮುಗಿಯುವವರೆಗೆ ಹಲವು ದಿನ ಕಾಯಬೇಕಾಯಿತು. ತರಬೇತಿ ಪಡೆದ ಸಿಬ್ಬಂದಿ, ಯಂತ್ರೋಪಕರಣಗಳು ಇದ್ದ ಸ್ಥಳದಲ್ಲಿಯೇ ಹೀಗಾದರೆ, ಮನೆಯ ಮೂಲೆಯ ಬಾಟಲಿಯನ್ನು ಹಗುರವಾಗಿ ಕಾಣುವುದು ಎಷ್ಟರಮಟ್ಟಿಗೆ ಸರಿ?

ಗಾಳಿಯಲ್ಲಿ ಆವಿಯು ಎಷ್ಟು ಬೆರೆತಾಗ ಅಪಾಯ ಎಂಬ ಪ್ರಶ್ನೆಗೂ ವಿಜ್ಞಾನವು ಉತ್ತರ ನೀಡಿದೆ. ನೂರು ಭಾಗದಲ್ಲಿ ಸುಮಾರು ಒಂದೂವರೆ ಭಾಗದಿಂದ ಏಳೂವರೆ ಭಾಗದವರೆಗೆ ಪೆಟ್ರೋಲಿನ ಆವಿಯಿರುವ ಗಾಳಿಯು ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಆವಿ ಸಾಲದು. ಹೆಚ್ಚಾದರೆ ಉರಿಯಲು ಗಾಳಿ ಸಾಲದು. ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಆವಿಯಾದರೆ ಸುಮಾರು 12 ಘನಮೀಟರು ಗಾಳಿಯನ್ನು ಹೊತ್ತಿಕೊಳ್ಳುವಂತೆ ಮಾಡಬಲ್ಲದು. ಎಂಟು ಅಡಿ ಉದ್ದ, ಏಳು ಅಡಿ ಅಗಲ, ಎಂಟು ಅಡಿ ಎತ್ತರದ ಕೋಣೆಯೊಂದನ್ನು ಕಲ್ಪಿಸಿಕೊಂಡರೆ ಈ ಪ್ರಮಾಣ ಮನಸ್ಸಿಗೆ ಬರುತ್ತದೆ. ಒಂದು ಬಾಟಲಿ ಉರುಳಿಬಿದ್ದರೆ ಇಡೀ ಕೋಣೆಯೇ ಒಂದು ಬಾಂಬಿನಂತಾಗುತ್ತದೆ.

ಈ ಲೆಕ್ಕದಿಂದ ಇನ್ನೊಂದು ಆಶ್ಚರ್ಯಕರವಾದ ಸಂಗತಿಯೂ ತಿಳಿದುಬರುತ್ತದೆ. ತುಂಬಿದ ಡಬ್ಬಕ್ಕಿಂತ ಖಾಲಿ ಡಬ್ಬವೇ ಅನೇಕ ವೇಳೆ ಹೆಚ್ಚು ಅಪಾಯಕಾರಿ. ಪೆಟ್ರೋಲು ತುಂಬಿ ಬಿಗಿಯಾಗಿ ಮುಚ್ಚಿದ ಡಬ್ಬದೊಳಗೆ ಗಾಳಿಗೆ ಎಡೆಯೇ ಇರುವುದಿಲ್ಲ. ಖಾಲಿಯಾದ ಡಬ್ಬದ ತಳದಲ್ಲಿ ಉಳಿದ ಹನಿಗಳು ಆವಿಯಾಗಿ, ಒಳಗೆ ಸೇರಿದ ಗಾಳಿಯೊಡನೆ ಬೆರೆತು, ಸಿಡಿಯಲು ತಕ್ಕ ಮಿಶ್ರಣವಾಗುತ್ತವೆ. ಸೋರುವ ಟ್ಯಾಂಕನ್ನು ಬೆಸುಗೆಗೆಂದು ತಂದವರು, ಹಳೆಯ ಡ್ರಮ್ಮನ್ನು ಕತ್ತರಿಸಿ ನೀರಿನ ತೊಟ್ಟಿ ಮಾಡಲು ಹೊರಟವರು, ‘ಇದರಲ್ಲಿ ಏನೂ ಇಲ್ಲ’ ಎಂದು ನಂಬಿಯೇ ಕೆಲಸಕ್ಕೆ ಕೈಹಾಕುತ್ತಾರೆ. ಬೆಸುಗೆಯ ಉರಿ ಸೋಕಿದ ಕ್ಷಣದಲ್ಲಿ ಡ್ರಮ್ಮು ಸಿಡಿಯುತ್ತದೆ. ಪೆಟ್ರೋಲು ಇದ್ದ ಪಾತ್ರೆಯನ್ನು ಆವಿಯ ಅಂಶವೂ ಉಳಿಯದಂತೆ ಶುದ್ಧಿಗೊಳಿಸದೆ ಅದರ ಬಳಿ ಬೆಂಕಿಯನ್ನು ತರಲೇಬಾರದು. ಆ ಶುದ್ಧೀಕರಣವು ಬಲ್ಲವರ ಕೆಲಸ.

ಆವಿಯನ್ನು ಹೊತ್ತಿಸಲು ದೊಡ್ಡ ಬೆಂಕಿ ಬೇಕಿಲ್ಲ. ಬೀಡಿಯ ಕಿಡಿ, ದೇವರ ಮುಂದಿನ ದೀಪ, ಅಡುಗೆಯ ಒಲೆ ಇವು ಎಲ್ಲರಿಗೂ ಗೊತ್ತಿರುವ ಕಾರಣಗಳು. ವಿದ್ಯುತ್ತಿನ ಗುಂಡಿಯನ್ನು ಒತ್ತಿದಾಗ ಅದರೊಳಗೆ ಹುಟ್ಟುವ ಸಣ್ಣ ಕಿಡಿಯೂ ಸಾಕು. ಓಡುವ ಮೋಟಾರಿನ ಕಿಡಿಯೂ ಸಾಕು. ಆದುದರಿಂದ ಮನೆಯೊಳಗೆ ಪೆಟ್ರೋಲಿನ ವಾಸನೆ ಬಂದಾಗ ದೀಪದ ಗುಂಡಿಯನ್ನು ಹಾಕುವುದಾಗಲಿ ಆರಿಸುವುದಾಗಲಿ ತರವಲ್ಲ. ಕಿಟಕಿ ಬಾಗಿಲುಗಳನ್ನು ತೆರೆದು ಎಲ್ಲರೂ ಹೊರಗೆ ಬರಬೇಕು. ವಾಸನೆಯು ಪೆಟ್ರೋಲು ತಾನಾಗಿ ನೀಡುವ ಮೊದಲ ಎಚ್ಚರಿಕೆ, ಅದನ್ನು ಅಲಕ್ಷಿಸಬಾರದು.

ಇವೆಲ್ಲಕ್ಕಿಂತ ಗುಪ್ತವಾದುದು ಸ್ಥಾಯೀ ವಿದ್ಯುತ್ತು. ಒಣ ಹವೆಯಲ್ಲಿ ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿ ಕಾಗದದ ಚೂರುಗಳ ಬಳಿ ಹಿಡಿದರೆ ಅವು ಹಾರಿ ಅಂಟಿಕೊಳ್ಳುವುದನ್ನು ವಿದ್ಯಾರ್ಥಿಗಳು ಕಂಡಿರುತ್ತಾರೆ. ಪೆಟ್ರೋಲು ಕೊಳವೆಯಲ್ಲಿ ರಭಸವಾಗಿ ಹರಿಯುವಾಗಲೂ, ಪಾತ್ರೆಗೆ ಸುರಿಯುವಾಗಲೂ ಇಂತಹುದೇ ವಿದ್ಯುತ್ತು ಸಂಚಯವಾಗುತ್ತದೆ. ಪಾತ್ರೆಯು ಲೋಹದ್ದಾಗಿ ನೆಲದ ಮೇಲಿದ್ದರೆ ಅದು ಭೂಮಿಗೆ ಹರಿದುಹೋಗುತ್ತದೆ. ಪ್ಲಾಸ್ಟಿಕ್ ಪಾತ್ರೆಯಲ್ಲಿ, ಅಥವಾ ವಾಹನದ ಮೇಲೆಯೇ ಇರಿಸಿ ತುಂಬುವ ಡಬ್ಬದಲ್ಲಿ, ಅದಕ್ಕೆ ಹರಿದುಹೋಗಲು ದಾರಿಯಿರುವುದಿಲ್ಲ. ಸಂಚಯವಾದ ವಿದ್ಯುತ್ತು ಕಿಡಿಯಾಗಿ ಹಾರಿದರೆ ಅಲ್ಲಿಯೇ ಸಿದ್ಧವಾಗಿರುವ ಆವಿಯು ಹೊತ್ತಿಕೊಳ್ಳುತ್ತದೆ. ಪೆಟ್ರೋಲು ತುಂಬುವ ಡಬ್ಬವನ್ನು ನೆಲದ ಮೇಲಿಟ್ಟು, ಕೊಳವೆಯ ತುದಿಯು ಡಬ್ಬದ ಬಾಯಿಗೆ ತಗುಲಿರುವಂತೆ ಹಿಡಿದು ನಿಧಾನವಾಗಿ ತುಂಬಬೇಕೆಂಬ ನಿಯಮದ ಗುಟ್ಟು ಇದು.

ಈ ತತ್ತ್ವಗಳನ್ನೆಲ್ಲ ಒಂದೆಡೆ ಕಾಣಬೇಕಾದರೆ ಪೆಟ್ರೋಲ್ ಬಂಕನ್ನು ಗಮನವಿಟ್ಟು ನೋಡಬೇಕು. ಅಲ್ಲಿ ಪೆಟ್ರೋಲನ್ನು ನೆಲದಡಿಯ ಟ್ಯಾಂಕುಗಳಲ್ಲಿ ಇಡುತ್ತಾರೆ. ಬಿಸಿಲಿನ ತಾಪವೂ ಬೆಂಕಿಯ ಸಂಪರ್ಕವೂ ಅಲ್ಲಿಗೆ ತಲಪಲಾರವು. ಟ್ಯಾಂಕಿನ ಆವಿಯು ಹೊರಹೋಗಲು ಎತ್ತರವಾದ ಕೊಳವೆಗಳನ್ನು ನಿಲ್ಲಿಸಿರುತ್ತಾರೆ. ಆವಿಯು ಜನರ ಕಾಲಬಳಿ ಸೇರದೆ ಮೇಲಿನ ಗಾಳಿಯಲ್ಲಿ ಚದುರಿಹೋಗಲೆಂಬುದು ಅದರ ಉದ್ದೇಶ. ಆ ಕೊಳವೆಗಳ ತುದಿಯಲ್ಲಿ ಸಣ್ಣ ಕಣ್ಣುಗಳ ಲೋಹದ ಜಾಲರಿಯಿರುತ್ತದೆ. ಉರಿಯು ಜಾಲರಿಯನ್ನು ದಾಟುವಾಗ ತನ್ನ ಬಿಸಿಯನ್ನು ಲೋಹಕ್ಕೆ ಬಿಟ್ಟುಕೊಟ್ಟು ನಂದುತ್ತದೆ ಎಂಬ ತತ್ತ್ವವನ್ನು 1815ರಲ್ಲಿ ಹಂಫ್ರಿ ಡೇವಿಯು ಗಣಿ ಕಾರ್ಮಿಕರ ದೀಪಕ್ಕೆ ಅಳವಡಿಸಿದ್ದನು. ಟ್ಯಾಂಕರ್ ಲಾರಿಯಿಂದ ಪೆಟ್ರೋಲನ್ನು ಇಳಿಸುವ ಮೊದಲು ಅದನ್ನು ತಂತಿಯಿಂದ ಭೂಮಿಗೆ ಜೋಡಿಸುತ್ತಾರೆ. ಸ್ಥಾಯೀ ವಿದ್ಯುತ್ತು ಹರಿದುಹೋಗಲಿ ಎಂದು. ವಾಹನದ ಎಂಜಿನ್ನನ್ನು ನಿಲ್ಲಿಸಬೇಕು, ಧೂಮಪಾನ ಮಾಡಬಾರದು, ಮೊಬೈಲನ್ನು ಬಳಸಬಾರದು ಎಂಬ ಫಲಕಗಳಿರುತ್ತವೆ. ಕೆಂಪು ಬಣ್ಣದ ಬಕೆಟ್ಟುಗಳಲ್ಲಿ ಮರಳು ತುಂಬಿರುತ್ತದೆ. ಇವು ಯಾವುವೂ ಅಲಂಕಾರಕ್ಕಾಗಿ ಇಟ್ಟವುಗಳಲ್ಲ.

ಇಂತಹ ನಿಯಮಗಳು ಒಂದೇ ದಿನದಲ್ಲಿ ಹುಟ್ಟಿದವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸೀಮೆಎಣ್ಣೆಯ ದೀಪಗಳು ಮನೆಮನೆಗೆ ಬಂದಾಗ, ಲಾಭದ ಆಸೆಯಿಂದ ಬೇಗ ಆವಿಯಾಗುವ ಹಗುರ ಎಣ್ಣೆಗಳನ್ನು ಅದಕ್ಕೆ ಬೆರೆಸಿ ಮಾರುವ ವ್ಯಾಪಾರಿಗಳಿದ್ದರು. ಆ ದೀಪಗಳು ಸಿಡಿದು ಅನೇಕ ಮನೆಗಳು ಉರಿದವು. ಆಗ ಎಣ್ಣೆಯ ಜ್ವಲನಬಿಂದುವನ್ನು ಅಳೆಯುವ ಉಪಕರಣವನ್ನು ಇಂಗ್ಲೆಂಡಿನ ಫ್ರೆಡರಿಕ್ ಏಬೆಲ್ ಎಂಬ ರಸಾಯನಶಾಸ್ತ್ರಜ್ಞನು ರೂಪಿಸಿದನು. ಮಾರುವ ಎಣ್ಣೆಯನ್ನು ಪರೀಕ್ಷಿಸಬೇಕೆಂಬ ಕಾನೂನುಗಳೂ ಬಂದವು. ಭಾರತದಲ್ಲಿ 1934ನೆಯ ಇಸವಿಯ ಪೆಟ್ರೋಲಿಯಂ ಕಾಯಿದೆಯೂ, ಅದರಡಿಯಲ್ಲಿ ರಚಿತವಾದ 2002ರ ನಿಯಮಗಳೂ ಈ ಕೆಲಸವನ್ನು ಮಾಡುತ್ತಿವೆ. ಜ್ವಲನಬಿಂದುವು 23 ಡಿಗ್ರಿಗಿಂತ ಕೆಳಗಿರುವ ಎಣ್ಣೆಗಳನ್ನು ಕಾಯಿದೆಯು ‘ಎ’ ವರ್ಗವೆಂದು ಕರೆಯುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದ ಈ ವರ್ಗಕ್ಕೆ ಪೆಟ್ರೋಲು ಸೇರಿದೆ. ಸೀಮೆಎಣ್ಣೆ, ಡೀಸೆಲ್ಲುಗಳು ‘ಬಿ’ ವರ್ಗಕ್ಕೆ ಸೇರುತ್ತವೆ.

ಮಾರಾಟದ ಉದ್ದೇಶವಿಲ್ಲದೆ ಸ್ವಂತ ಉಪಯೋಗಕ್ಕಾಗಿ 30 ಲೀಟರಿನವರೆಗೆ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಲು ಈ ಕಾಯಿದೆ ಅವಕಾಶ ನೀಡುತ್ತದೆ. ಆದರೆ ಇಡುವ ಪಾತ್ರೆಯ ವಿಷಯದಲ್ಲಿ ಅದು ಕಟ್ಟುನಿಟ್ಟಾಗಿದೆ. ಪಾತ್ರೆಯು ಗಾಜಿನದು, ಪಿಂಗಾಣಿಯಂತಹ ಸುಟ್ಟ ಜಾಡಿಯದು ಅಥವಾ ಲೋಹದ್ದು ಆಗಿರಬೇಕು. ಅದರ ಬಾಯಿಯನ್ನು ಭದ್ರವಾಗಿ ಮುಚ್ಚಿರಬೇಕು. ಗಾಜಿನ ಪಾತ್ರೆ ಮತ್ತು ಜಾಡಿಗಳು ಒಂದು ಲೀಟರನ್ನೂ, ಲೋಹದ ಪಾತ್ರೆಗಳು 25 ಲೀಟರನ್ನೂ ಮೀರಬಾರದು. ನೀರಿನ ತೆಳು ಪ್ಲಾಸ್ಟಿಕ್ ಬಾಟಲಿಗೆ ಇಲ್ಲಿ ಎಡೆಯಿಲ್ಲ. ಕಿರಾಣಿ ಅಂಗಡಿಯ ಮುಂದೆ ಬಾಟಲಿಗಳಲ್ಲಿ ಪೆಟ್ರೋಲನ್ನು ಸಾಲಾಗಿ ಇರಿಸಿ ಮಾರುವುದು ಅನೇಕ ಕಡೆ ಕಂಡುಬರುತ್ತದೆ. ತುರ್ತಿನಲ್ಲಿ ಅದು ಉಪಕಾರವೆನಿಸಿದರೂ ಪರವಾನಗಿಯಿಲ್ಲದ ಆ ಮಾರಾಟ ಕಾಯಿದೆಗೆ ವಿರುದ್ಧವಾದುದು. ಬಿಸಿಲಿಗೆ ಉಬ್ಬುವ ಬಾಟಲಿಗಳು, ಬದಿಯಲ್ಲಿಯೇ ಬೀಡಿ ಕಡ್ಡಿಗಳ ವ್ಯಾಪಾರ, ಒಳಗೆ ಮಲಗುವ ಸಂಸಾರ ಇವು ಮೂರೂ ಒಂದೇ ಸೂರಿನಡಿ ಇರುವುದು ಬೆಂಕಿಗೆ ಆಮಂತ್ರಣವಿತ್ತಂತೆ.

ಅನಿವಾರ್ಯವಾಗಿ ಪೆಟ್ರೋಲನ್ನು ಇಡಬೇಕಾದವರು ಅದನ್ನು ವಾಸದ ಮನೆಯಿಂದ ದೂರದಲ್ಲಿ, ಗಾಳಿಯಾಡುವ ನೆರಳಿನ ಸ್ಥಳದಲ್ಲಿ, ಗಟ್ಟಿಯಾದ ಲೋಹದ ಡಬ್ಬದಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಡಬ್ಬದ ಮೇಲೆ ಪೆಟ್ರೋಲೆಂದು ಬರೆದಿರಬೇಕು. ಡಬ್ಬವನ್ನು ಕಂಠಪೂರ್ತಿ ತುಂಬಬಾರದು. ಉಷ್ಣತೆಯು 20 ಡಿಗ್ರಿ ಏರಿದರೆ ಪೆಟ್ರೋಲು ನೂರಕ್ಕೆ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದ ಡಬ್ಬವು ಮಧ್ಯಾಹ್ನದ ಬಿಸಿಲಿನಲ್ಲಿ ಸೋರತೊಡಗುವುದು ಈ ಕಾರಣದಿಂದಲೇ. ದನದ ಕೊಟ್ಟಿಗೆ, ಮೇವಿನ ಬಣವೆ, ಅಡುಗೆಮನೆ ಇವುಗಳ ಸಮೀಪದಲ್ಲಿ ಪೆಟ್ರೋಲು ಇರಲೇಬಾರದು. ಇಂದಿನ ಪೆಟ್ರೋಲಿನಲ್ಲಿ ಕಬ್ಬು ಮೊದಲಾದ ಬೆಳೆಗಳಿಂದ ತಯಾರಿಸಿದ ಎಥನಾಲನ್ನು ಬೆರೆಸುತ್ತಾರೆ. ಅದರಿಂದ ಬೆಂಕಿಯ ಭಯವೇನೂ ಕಡಿಮೆಯಾಗುವುದಿಲ್ಲ.

ಬಳಕೆಯಲ್ಲಿಯೂ ಕೆಲವು ಕೆಟ್ಟ ರೂಢಿಗಳಿವೆ. ಓಡಿ ಕಾದ ಎಂಜಿನ್ನಿಗೆ ಕೂಡಲೇ ಪೆಟ್ರೋಲು ಸುರಿಯುವುದು ಅವುಗಳಲ್ಲಿ ಒಂದು. ಕಾದ ಲೋಹದ ಮೇಲೆ ಚೆಲ್ಲಿದ ಪೆಟ್ರೋಲು ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ. ಎಂಜಿನ್ನು ತಣ್ಣಗಾಗುವವರೆಗೆ ಕಾಯುವುದು ವಿವೇಕ. ಕತ್ತಲೆಯಲ್ಲಿ ಟ್ಯಾಂಕಿನೊಳಗೆ ಎಷ್ಟಿದೆಯೆಂದು ನೋಡಲು ಕಡ್ಡಿ ಗೀರಿದವರೂ ಇದ್ದಾರೆ. ಯಂತ್ರದ ಭಾಗಗಳ ಜಿಡ್ಡು ತೊಳೆಯಲು ಪೆಟ್ರೋಲನ್ನು ತೆರೆದ ತಟ್ಟೆಯಲ್ಲಿ ಇರಿಸಿಕೊಳ್ಳುವುದು ಇನ್ನೊಂದು ಅಪಾಯಕಾರಿ ಅಭ್ಯಾಸ. ನಳಿಕೆಯನ್ನು ಬಾಯಲ್ಲಿಟ್ಟು ಪೆಟ್ರೋಲನ್ನು ಹೀರಿ ತೆಗೆಯುವುದರಿಂದ ಬೆಂಕಿಯ ಭಯದ ಜೊತೆಗೆ ಶ್ವಾಸಕೋಶಗಳಿಗೂ ತೀವ್ರ ಹಾನಿಯಾಗುತ್ತದೆ.

ಎಲ್ಲಕ್ಕಿಂತ ದುಃಖಕರವಾದುದು, ಬೆಂಕಿಯನ್ನು ಹೆಚ್ಚಿಸಲೆಂದು ಪೆಟ್ರೋಲನ್ನು ಸುರಿಯುವ ಪದ್ಧತಿ. ಹೋಳಿಹುಣ್ಣಿಮೆಯ ಕಾಮದಹನದಲ್ಲಿ, ಕಬ್ಬಿನ ರವದಿಯನ್ನು ಸುಡುವಾಗ, ಮಳೆಯಲ್ಲಿ ನೆನೆದ ಸೌದೆಯ ಚಿತೆಗೆ ಅಗ್ನಿಸ್ಪರ್ಶ ಮಾಡುವಾಗ, ಕೆಲವರು ಪೆಟ್ರೋಲನ್ನು ಎರಚುತ್ತಾರೆ. ಸುರಿದವನು ಕಡ್ಡಿ ಗೀರುವಷ್ಟರಲ್ಲಿ ಆವಿಯು ಅವನ ಕಾಲುಗಳನ್ನು ಸುತ್ತುವರಿದಿರುತ್ತದೆ. ಸೌದೆಗಿಂತ ಮೊದಲು ಅವನ ಬಟ್ಟೆ ಹೊತ್ತಿಕೊಳ್ಳುತ್ತದೆ. ಉರಿಯುವ ಬೆಂಕಿಗೆ ಬಾಟಲಿಯಿಂದ ಸುರಿದರಂತೂ ಉರಿಯು ಧಾರೆಯ ಗುಂಟ ಕೈಯಲ್ಲಿನ ಬಾಟಲಿಗೇ ಏರುತ್ತದೆ. ಬಾಟಲಿಯನ್ನು ಗಾಬರಿಯಿಂದ ಎಸೆದರೆ ಅದು ಸುತ್ತ ನಿಂತವರ ಮೇಲೆ ಬೀಳುತ್ತದೆ. ಸುತ್ತ ನಿಂತವರು ಬಹುಶಃ ಮಕ್ಕಳಾಗಿರುತ್ತಾರೆ.

ಪೆಟ್ರೋಲಿನ ಪ್ರಮಾಣವು ಅಲ್ಪವೆಂಬ ಕಾರಣದಿಂದ ಅನಾಹುತವೂ ಅಲ್ಪವಾಗಿರುವುದೆಂದು ತಿಳಿಯಬಾರದು. 2025ನೆಯ ಇಸವಿಯ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸೊಂದು ಕರ್ನೂಲಿನ ಸಮೀಪ, ರಸ್ತೆಯಲ್ಲಿ ಬಿದ್ದಿದ್ದ ಮೋಟಾರ್ ಸೈಕಲ್ಲಿನ ಮೇಲೆ ಹಾಯಿತು. ಬಸ್ಸಿನ ಅಡಿಯಲ್ಲಿ ಸಿಕ್ಕಿಕೊಂಡ ಅದು ರಸ್ತೆಗೆ ಉಜ್ಜುತ್ತ ಸ್ವಲ್ಪ ದೂರ ಎಳೆದೊಯ್ಯಲ್ಪಟ್ಟಿತು. ಅದರ ಟ್ಯಾಂಕಿನ ಪೆಟ್ರೋಲು ಚೆಲ್ಲಿ, ಘರ್ಷಣೆಯ ಕಿಡಿಗಳಿಂದ ಬೆಂಕಿ ಹೊತ್ತಿತು. ನಿದ್ರೆಯಲ್ಲಿದ್ದ ಪ್ರಯಾಣಿಕರಲ್ಲಿ 19 ಮಂದಿ ಬಸ್ಸಿನಲ್ಲಿಯೇ ದಹಿಸಿಹೋದರು. ಒಂದು ಮೋಟಾರ್ ಸೈಕಲ್ಲಿನ ಟ್ಯಾಂಕು ಹಿಡಿಸುವುದು ಕೆಲವೇ ಲೀಟರು ಪೆಟ್ರೋಲು. ಅಷ್ಟರಿಂದಲೇ ಇಷ್ಟು ದೊಡ್ಡ ದುರಂತಕ್ಕೆ ಮೊದಲಾಯಿತು.

ಹೆದ್ದಾರಿಯ ಅಂಚಿನ ಊರುಗಳ ಜನರು ಅವಶ್ಯವಾಗಿ ನೆನಪಿಡಬೇಕಾದ ಇನ್ನೊಂದು ಘಟನೆಯಿದೆ. ಪಾಕಿಸ್ತಾನದ ಬಹಾವಲ್‌ಪುರದ ಬಳಿ 2017ನೆಯ ಇಸವಿಯ ಜೂನ್ 25ರಂದು ಎಣ್ಣೆಯ ಟ್ಯಾಂಕರೊಂದು ಮಗುಚಿಬಿತ್ತು. ರಸ್ತೆಯ ಬದಿಯಲ್ಲಿ ಹರಿಯುತ್ತಿದ್ದ ಪೆಟ್ರೋಲನ್ನು ತುಂಬಿಕೊಳ್ಳಲು ಸುತ್ತಲಿನ ಹಳ್ಳಿಗಳ ಜನರು ಕೊಡ, ಡಬ್ಬ, ಬಾಟಲಿಗಳನ್ನು ಹಿಡಿದು ಓಡಿಬಂದರು. ಹೆಂಗಸರೂ ಮಕ್ಕಳೂ ಅವರಲ್ಲಿದ್ದರು. ಅಷ್ಟರಲ್ಲಿ ಆವಿಗೆ ಬೆಂಕಿ ತಗುಲಿತು. 200ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. 2024ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಆಫ್ರಿಕಾದ ನೈಜೀರಿಯಾ ದೇಶದಲ್ಲಿಯೂ ಇದೇ ರೀತಿಯ ದುರಂತ ನಡೆಯಿತು. ಆ ಜನರು ಕಳ್ಳರಲ್ಲ, ಬಡವರು. ಬಿಟ್ಟಿಯಾಗಿ ಹರಿಯುವ ವಸ್ತುವನ್ನು ಕಂಡು ಅವರಿಗೆ ಆಸೆಯಾಯಿತು. ಆದರೆ ತಾವು ನಿಂತಿರುವುದು ದ್ರವದ ಅಂಚಿನಲ್ಲಿ ಅಲ್ಲ, ಆವಿಯ ಮಡುವಿನೊಳಗೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಅದನ್ನು ತಿಳಿಸಿ ಹೇಳುವ ಒಬ್ಬ ವ್ಯಕ್ತಿಯಿದ್ದು, ಅವನ ಮಾತನ್ನು ಜನರು ಕೇಳಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು. ಟ್ಯಾಂಕರು ಉರುಳಿದ ಸ್ಥಳದಿಂದ ಗಾಳಿ ಬೀಸಿಬರುವ ದಿಕ್ಕಿನ ಕಡೆಗೆ, ಎತ್ತರದ ಜಾಗಕ್ಕೆ ದೂರ ಸರಿಯಬೇಕು. ಯಾರೂ ಬೆಂಕಿ ಹಚ್ಚದಂತೆ, ವಾಹನ ಚಾಲೂ ಮಾಡದಂತೆ ತಡೆಯಬೇಕು. ಅಗ್ನಿಶಾಮಕ ದಳಕ್ಕೆ 101 ಅಥವಾ 112ರ ಮೂಲಕ ಸುದ್ದಿ ಮುಟ್ಟಿಸಬೇಕು.

ಒಂದು ವೇಳೆ ಪೆಟ್ರೋಲಿಗೆ ಬೆಂಕಿ ಹೊತ್ತಿದರೆ ನೀರನ್ನು ಸುರಿಯಬಾರದು. ಪೆಟ್ರೋಲು ನೀರಿಗಿಂತ ಹಗುರ. ಅದು ನೀರಿನ ಮೇಲೆ ತೇಲುತ್ತ, ಉರಿಯುತ್ತಲೇ ನೀರು ಹರಿದಲ್ಲಿಗೆಲ್ಲ ಹರಿದು ಬೆಂಕಿಯನ್ನು ಹಬ್ಬಿಸುತ್ತದೆ. ಬೆಂಕಿಗೂ ಗಾಳಿಗೂ ಇರುವ ಸಂಬಂಧವನ್ನು ಕಡಿಯುವುದೇ ಇಲ್ಲಿ ಉಪಾಯ. ಬೆಂಕಿಯು ಸಣ್ಣದಾಗಿದ್ದರೆ ಮರಳು ಅಥವಾ ಒಣ ಮಣ್ಣನ್ನು ಎರಚಬಹುದು. ಉರಿಯುವ ಪಾತ್ರೆಯ ಬಾಯಿಗೆ ಮುಚ್ಚಳವನ್ನು ಬದಿಯಿಂದ ಸರಿಸಿ ಮುಚ್ಚಬಹುದು. ಒಣ ಪುಡಿಯನ್ನು ಅಥವಾ ನೊರೆಯನ್ನು ಚಿಮ್ಮುವ ಅಗ್ನಿಶಾಮಕಗಳು ಇದಕ್ಕೆ ಯೋಗ್ಯವಾದವು. ಉರಿಯುವ ಡಬ್ಬವನ್ನು ಕೈಯಲ್ಲಿ ಹಿಡಿದು ಹೊರಗೆ ಓಡುವ ಸಾಹಸವನ್ನು ಯಾರೂ ಮಾಡಬಾರದು. ಓಡುವಾಗ ಅದು ಓಡುವವನ ಮೈಮೇಲೆಯೇ ಚೆಲ್ಲುತ್ತದೆ. ಬೆಂಕಿಯು ಕೈಮೀರುವಂತೆ ತೋರಿದರೆ ವಸ್ತುಗಳ ಆಸೆ ಬಿಟ್ಟು ಎಲ್ಲರನ್ನೂ ಹೊರಗೆ ಕರೆತರಬೇಕು.

ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ಓಡಿದರೆ ಗಾಳಿ ಸಿಕ್ಕಿ ಉರಿಯು ಹೆಚ್ಚುತ್ತದೆ. ನಿಂತಲ್ಲಿಯೇ ನೆಲಕ್ಕೆ ಒರಗಿ, ಮುಖವನ್ನು ಕೈಗಳಿಂದ ಮುಚ್ಚಿಕೊಂಡು ಹೊರಳಾಡಬೇಕು. ಹತ್ತಿರವಿದ್ದವರು ದಪ್ಪನೆಯ ಕಂಬಳಿಯನ್ನು ಹೊದಿಸಿ ಉರಿಯನ್ನು ನಂದಿಸಬೇಕು. ಉರಿ ನಂದಿದ ಬಳಿಕ ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷಗಳ ಕಾಲ ತಂಪು ನೀರನ್ನು ಹರಿಸಬೇಕು. ಅರಿಸಿನ, ಶಾಯಿ, ಹಲ್ಲುಜ್ಜುವ ಪೇಸ್ಟುಗಳನ್ನು ಹಚ್ಚಬಾರದು. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಪೆಟ್ರೋಲು ಚೆಲ್ಲಿ ಒದ್ದೆಯಾದ ಬಟ್ಟೆಗೆ ಬೆಂಕಿ ಹತ್ತಿರದಿದ್ದರೂ, ಒಲೆ ದೀಪಗಳಿಂದ ದೂರ ಸರಿದು ಅದನ್ನು ಕೂಡಲೇ ಕಳಚಿಹಾಕುವುದು ಕ್ಷೇಮ.

ಪೆಟ್ರೋಲನ್ನು ದ್ವೇಷಿಸುವುದರಿಂದ ಪ್ರಯೋಜನವಿಲ್ಲ. ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವ, ದೂರದ ಊರಿನ ವಿದ್ಯಾರ್ಥಿಯನ್ನು ಶಾಲೆಗೆ ತಲಪಿಸುವ, ರೈತನ ದುಡಿಮೆಯನ್ನು ಹಗುರಗೊಳಿಸುವ ಶಕ್ತಿ ಅದು. ಎಂಜಿನ್ನಿನ ಒಳಗೆ, ಹದವಾದ ಗಾಳಿಯೊಡನೆ ಬೆರೆತು, ಅಳತೆಗೆ ತಕ್ಕ ಕಿಡಿಯಿಂದ ಉರಿಯುವಾಗ ಅದು ಸೇವಕ. ಅದೇ ಆವಿ, ಅದೇ ಗಾಳಿ, ಅದೇ ಕಿಡಿ ಎಂಜಿನ್ನಿನ ಹೊರಗೆ ಸೇರಿದಾಗ ಅದು ಹಂತಕ. ಈ ಮೂರನ್ನು ಹೊರಗೆ ಸೇರಗೊಡದಿರುವುದೇ ಪೆಟ್ರೋಲಿನ ಬಗೆಗಿನ ಎಲ್ಲ ನಿಯಮಗಳ ತಿರುಳು. ಆವಿಯನ್ನು ಮುಚ್ಚಿದ ಪಾತ್ರೆಯಲ್ಲಿ ತಡೆಹಿಡಿಯಬೇಕು, ಹೊರಬಂದ ಆವಿಯನ್ನು ತೆರೆದ ಗಾಳಿಯಲ್ಲಿ ಚದುರಿಸಬೇಕು, ಕಿಡಿಯನ್ನು ದೂರವಿಡಬೇಕು. ಇಷ್ಟನ್ನು ತಿಳಿದ ವಿದ್ಯಾರ್ಥಿಯು ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಸಂದರ್ಭ ಬಂದಾಗ ಅವನ್ನು ತಾನೇ ಕಂಡುಕೊಳ್ಳಬಲ್ಲನು, ಮನೆಯ ಹಿರಿಯರಿಗೂ ತಿಳಿಯಹೇಳಬಲ್ಲನು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯೊಂದಿದೆ. ಪೆಟ್ರೋಲಿನ ವಿಷಯದಲ್ಲಾದರೋ ಮೊದಲೇ ತೋಡಿದ ಬಾವಿಯೂ ಉಪಯೋಗಕ್ಕೆ ಬಾರದು. ಮೊದಲೇ ಪಡೆದ ತಿಳಿವಳಿಕೆಯೊಂದೇ ಉಪಯೋಗಕ್ಕೆ ಬರುವುದು.